ಹಳೆಯ ಪೋಲಿಯೊ, ಹೊಸ ದಣಿವು

2014ನೆಯ ಇಸವಿಯ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನೂ ಒಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೊದಿಂದ ಮುಕ್ತವಾಗಿದೆಯೆಂದು ಸಾರಿತು. ಮರುದಿನ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಪತ್ರಿಕೆ ಓದುತ್ತಿದ್ದ ಕಿರಿಯ ಸಹೋದ್ಯೋಗಿಯೊಬ್ಬರು ಎದ್ದು ಬಂದು, "ಸಾರ್, ನಿಮ್ಮ ಶತ್ರು ಕಡೆಗೂ ಸೋತ" ಎಂದು ನನ್ನ ಕೈ ಕುಲುಕಿದರು. ನಾನೂ ಸಂತೋಷದಿಂದಲೇ ನಕ್ಕೆ. ಆದರೆ ಅಂದು ಬೆಳಿಗ್ಗೆ ಮಹಡಿಯ ಮೇಲಿನ ತರಗತಿಗೆ ಹೋಗುವಾಗ ಇಪ್ಪತ್ತೆರಡು ಮೆಟ್ಟಿಲುಗಳ ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡೆನೆಂಬ ಸಂಗತಿಯನ್ನು ಅವರಿಗೆ ಹೇಳಲಿಲ್ಲ. ಅದೇ ಮೆಟ್ಟಿಲುಗಳನ್ನು ಅದಕ್ಕೆ ಹಿಂದಿನ ಇಪ್ಪತ್ತೆಂಟು ವರ್ಷ ಒಂದೇ ಉಸಿರಿಗೆ ಹತ್ತಿದವನು ನಾನು. ಕುಂಟುತ್ತಲೇ, ಆದರೆ ಎಲ್ಲಿಯೂ ನಿಲ್ಲದೆ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಮೆಟ್ಟಿಲುಗಳ ಮೇಲೆ ನಿಂತದ್ದನ್ನು ಕುರಿತು. ಪೋಲಿಯೊ ಎಂಬುದು ಎಳೆಯ ಮಕ್ಕಳಿಗೆ ಬರುವ ಕಾಯಿಲೆ, ಬಂದು ಹೋದ ಮೇಲೆ ಉಳಿಯುವುದು ಸೊರಗಿದ ಒಂದು ಕೈಯೋ ಕಾಲೋ ಮಾತ್ರ, ಆ ನಷ್ಟವು ಅಲ್ಲಿಗೆ ಮುಗಿದ ಲೆಕ್ಕ ಎಂದು ನಾವೆಲ್ಲರೂ ನಂಬಿದ್ದೆವು. ವೈದ್ಯರಲ್ಲಿಯೂ ಬಹುಮಂದಿ ನಂಬಿದ್ದರು. ಆ ಲೆಕ್ಕಕ್ಕೆ ಬಾಕಿಯೊಂದು ಉಳಿದಿರುತ್ತದೆ. ಮೂವತ್ತು ನಲವತ್ತು ವರ್ಷಗಳ ಬಳಿಕ ಅದು ಬಾಗಿಲಿಗೆ ಬಂದು ನಿಲ್ಲಬಹುದು ಎಂಬುದನ್ನು ತಿಳಿದವರು ಕಡಿಮೆ.

ನನಗೆ ಪೋಲಿಯೊ ಬಂದದ್ದು 1961ರಲ್ಲಿ, ಎರಡೂವರೆ ವರ್ಷದವನಿದ್ದಾಗ. ಜ್ವರ ಬಂದಿತು; ಊರಿಗೆ ಬರುತ್ತಿದ್ದ ವೈದ್ಯರು ಸೂಜಿಮದ್ದು ಕೊಟ್ಟರು; ಮೂರನೆಯ ದಿನ ತೊಟ್ಟಿಲಿನಿಂದ ಇಳಿಸಿದಾಗ ಎಡಗಾಲು ನೆಲದ ಮೇಲೆ ನಿಲ್ಲದೆ ಬಟ್ಟೆಯಂತೆ ಮಡಿಚಿಕೊಂಡಿತು. ನಮ್ಮ ತಾಯಿ ಕೊನೆಯವರೆಗೂ "ಸೂಜಿಯಿಂದ ಮಗುವಿನ ಕಾಲು ಹೋಯಿತು" ಎಂದೇ ಹೇಳುತ್ತಿದ್ದರು. ನಾಡಿನ ಅನೇಕ ಮನೆಗಳಲ್ಲಿ ಇದೇ ಮಾತನ್ನು ಕೇಳಿದ್ದೇನೆ. ಅದರಲ್ಲಿ ಒಂದಂಶ ಸತ್ಯವೂ ಉಂಟು. ಪೋಲಿಯೊದ ವೈರಾಣು ಮೈಯೊಳಗೆ ಹೊಕ್ಕಿರುವ ವೇಳೆಯಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿದರೆ, ಆ ಅಂಗಕ್ಕೆ ಲಕ್ವ ಹೊಡೆಯುವ ಸಂಭವ ಹೆಚ್ಚುತ್ತದೆಂದು ವೈದ್ಯಶಾಸ್ತ್ರವು ಕಂಡುಕೊಂಡಿದೆ. ಆದರೆ ಮೂಲ ಕಾರಣ ವೈರಾಣುವೇ. ಅದು ತಗುಲಿದ ಇನ್ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಲಕ್ವ ಉಂಟಾಗುತ್ತದೆ. ಉಳಿದವರಿಗೆ ನೆಗಡಿ ಜ್ವರದಂತೆ ಬಂದು ಹೋಗುತ್ತದೆ, ಇಲ್ಲವೆ ಬಂದದ್ದೇ ತಿಳಿಯುವುದಿಲ್ಲ.

ಆಮೇಲಿನ ಕಥೆ ನನ್ನ ಓರಗೆಯ ಬಹುಪಾಲು ಜನರ ಕಥೆಯೇ. ಎಣ್ಣೆ ತಿಕ್ಕಿದರು, ಬಿಸಿನೀರು ಹುಯ್ದರು, ಗೋಡೆ ಹಿಡಿಸಿ ನಡೆಸಿದರು. ಕಬ್ಬಿಣದ ಪಟ್ಟಿ ಮತ್ತು ತೊಗಲಿನ ಕ್ಯಾಲಿಪರ್ ತೊಡಿಸಿದರು. ಹುಡುಗರು ನಗುತ್ತಾರೆಂದು ಪ್ರೌಢಶಾಲೆಗೆ ಸೇರಿದ ವರ್ಷ ಅದನ್ನು ಅಟ್ಟಕ್ಕೆ ಹಾಕಿ, ಎಡತೊಡೆಯ ಮೇಲೆ ಕೈಯೂರಿ ಮಂಡಿಯನ್ನು ಹಿಂದಕ್ಕೆ ಒತ್ತಿ ನಡೆಯುವುದನ್ನು ಕಲಿತೆ. ತೊಡೆಯ ಸ್ನಾಯು ಸೋತ ಪೋಲಿಯೊ ರೋಗಿಗಳು ತಾವಾಗಿಯೇ ಕಂಡುಕೊಳ್ಳುವ ನಡಿಗೆ ಅದು. "ಎಷ್ಟು ಛಲದ ಹುಡುಗ!" ಎಂದು ಮೇಷ್ಟರು ಬೆನ್ನು ತಟ್ಟಿದರು. ಆ ಒಂದು ಮಾತಿನ ಮೇಲೆ ನಾನು ನನ್ನ ಬಾಳನ್ನು ಕಟ್ಟಿಕೊಂಡೆ. ಯಾರ ಕೈಯನ್ನೂ ಹಿಡಿಯಬಾರದು. ಬಸ್ಸಿನಲ್ಲಿ ಯಾರೂ ಎದ್ದು ಸ್ಥಳ ಕೊಡಬಾರದು. ತರಗತಿಯಲ್ಲಿ ಕುಳಿತು ಪಾಠ ಹೇಳಬಾರದು. ಮೂವತ್ತಕ್ಕೂ ಹೆಚ್ಚು ವರ್ಷ ರನ್ನನ ಗದಾಯುದ್ಧವನ್ನು ಪಾಠ ಹೇಳಿದ್ದೇನೆ. ದುರ್ಯೋಧನನ ಛಲವನ್ನೂ ಅವನ ತೊಡೆ ಮುರಿದ ಪ್ರಸಂಗವನ್ನೂ ವಿವರಿಸುವಾಗ, ತೊಡೆಯ ಮೇಲೆ ಕೈಯೂರಿ ನಿಂತ ಅಧ್ಯಾಪಕನ ಮಾತಿಗೆ ಬೇರೆಯೇ ಒಂದು ತೂಕವಿರುತ್ತಿತ್ತೆಂದು ಹಳೆಯ ವಿದ್ಯಾರ್ಥಿಗಳು ಈಗಲೂ ಹೇಳುವುದುಂಟು.

ಐವತ್ತು ದಾಟಿದ ಮೇಲೆ ದಣಿವು ಬಂದಿತು. ಕೆಲಸ ಮಾಡಿ ಬರುವ ಹಿತವಾದ ದಣಿವು ಅದಲ್ಲ. ಮಧ್ಯಾಹ್ನ ಎರಡು ಗಂಟೆಗೆ ಯಾರೋ ದೀಪ ಆರಿಸಿದಂತೆ ಮೈಯ ಬಲವೆಲ್ಲ ಇಳಿದುಹೋಗುತ್ತಿತ್ತು. ಎಡಗಾಲು ಮೊದಲಿಗಿಂತ ಸೋತಿತು. ನಾನು ಆರೋಗ್ಯವಾಗಿದೆಯೆಂದು ನಂಬಿದ್ದ ಬಲಗಾಲಿನಲ್ಲಿಯೂ ನೋವು ಕಾಣಿಸಿಕೊಂಡಿತು. ಚಳಿಗಾಲದ ಬೆಳಗಿನಲ್ಲಿ ಪಾದ ನೀಲಿಗಟ್ಟುತ್ತಿತ್ತು. ತೋರಿಸಿದ ವೈದ್ಯರೊಬ್ಬರು, "ವಯಸ್ಸಾಯಿತು, ಸೋಮಾರಿತನ ಸೇರಿಕೊಂಡಿದೆ, ದಿನವೂ ಬೆಳಿಗ್ಗೆ ಮೂರು ಮೈಲಿ ನಡೆಯಿರಿ" ಎಂದರು. ಛಲದವನಿಗೆ ಇದಕ್ಕಿಂತ ಪ್ರಿಯವಾದ ಔಷಧಿ ಯಾವುದಿದೆ? ಎರಡು ತಿಂಗಳು ಹಲ್ಲು ಕಚ್ಚಿ ನಡೆದೆ. ಕಾಲು ಬಲಗೊಳ್ಳುವ ಬದಲು ಇನ್ನಷ್ಟು ಸೋತಿತು. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಮಂಡಿ ಕುಸಿದು ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಆ ಬಳಿಕ ಕಂಡ ನರರೋಗ ತಜ್ಞರು ನನ್ನ ಕಾಲನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದರು: "ಪೋಲಿಯೊ ಬಂದ ಮೇಲೆ ಎಷ್ಟು ವರ್ಷ ನಿಮ್ಮ ಸ್ಥಿತಿ ಏನೂ ಬದಲಾಗದೆ ಇತ್ತು?" ನಾನು, "ಸುಮಾರು ನಲವತ್ತು ವರ್ಷ" ಎಂದೆ. ಅವರು ತಲೆದೂಗಿ, "ಹಾಗಾದರೆ ಇದಕ್ಕೆ ಹೆಸರಿದೆ" ಎಂದರು.

ಆ ಹೆಸರು ಪೋಸ್ಟ್ ಪೋಲಿಯೊ ಸಿಂಡ್ರೋಮ್. ಪೋಲಿಯೊ ಬಂದುಹೋದ ಬಹುಕಾಲದ ಮೇಲೆ ತಲೆದೋರುವ ಲಕ್ಷಣಗಳ ಸಮೂಹ ಎಂದು ತಿಳಿಯಬಹುದು. ಸಂಗತಿ ಹೊಸದಲ್ಲ. 1875ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ರೇಮಂಡ್ ಎಂಬ ವೈದ್ಯನು, ಶೈಶವದಲ್ಲಿ ಲಕ್ವ ಹೊಡೆದಿದ್ದ ಹತ್ತೊಂಬತ್ತು ವರ್ಷದ ಒಬ್ಬ ಚರ್ಮ ಹದಗಾರನಿಗೆ ಹೊಸದಾಗಿ ಬಲಹೀನತೆ ಬಂದುದನ್ನು ವರ್ಣಿಸಿದ್ದನು. ಪ್ರಸಿದ್ಧ ನರವಿಜ್ಞಾನಿ ಶಾರ್ಕೊ, ಅತಿಯಾದ ದುಡಿಮೆಯೇ ಇದಕ್ಕೆ ಕಾರಣವಿರಬಹುದೆಂದು ಊಹಿಸಿದ್ದನು. ಆಮೇಲೆ ನೂರು ವರ್ಷ ಜಗತ್ತು ಇದನ್ನು ಹೆಚ್ಚಾಗಿ ಗಮನಿಸಲಿಲ್ಲ. ಅಮೆರಿಕದಲ್ಲಿ 1940 ಮತ್ತು 50ರ ದಶಕಗಳ ದೊಡ್ಡ ಸಾಂಕ್ರಾಮಿಕಗಳಲ್ಲಿ ಬದುಕಿ ಉಳಿದವರು ನಡುವಯಸ್ಸಿಗೆ ಬಂದು, ಒಬ್ಬರಾದ ಮೇಲೊಬ್ಬರು ಇದೇ ದೂರನ್ನು ಹೇಳತೊಡಗಿದಾಗ, 1984ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ವೈದ್ಯರು ಸಭೆ ಸೇರಿ ವಿಚಾರ ಮಾಡಿದರು. ಈ ಕೆಲಸದಲ್ಲಿ ಮುಂದಾಳಾಗಿದ್ದ ಡಾಕ್ಟರ್ ಲಾರೊ ಹಾಲ್‌ಸ್ಟೆಡ್ ಅವರು ಸ್ವತಃ ಯೌವನದಲ್ಲಿ ಪೋಲಿಯೊ ಅನುಭವಿಸಿದವರೆಂಬುದು ಗಮನಾರ್ಹ. ಪೋಲಿಯೊದಿಂದ ಉಳಿದ ನೂರು ಮಂದಿಯಲ್ಲಿ 25ರಿಂದ 40 ಮಂದಿಗೆ ಈ ತೊಂದರೆ ಬರಬಹುದೆಂಬುದು ಈಗಿರುವ ಒಂದು ಅಂದಾಜು.

ಇದು ಹೇಗೆ ಉಂಟಾಗುತ್ತದೆ? ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ಚಾಲಕ ನರಕೋಶಗಳಿವೆ. ಒಂದೊಂದು ನರಕೋಶಕ್ಕೂ ಇಂತಿಷ್ಟು ಸ್ನಾಯುತಂತುಗಳೆಂದು ಹಂಚಿಕೆಯಾಗಿರುತ್ತದೆ. ಪೋಲಿಯೊ ವೈರಾಣು ಈ ನರಕೋಶಗಳನ್ನು ಕೊಲ್ಲುತ್ತದೆ. ಒಂದು ಊರನ್ನು ಕಲ್ಪಿಸಿಕೊಳ್ಳಿ. ಹತ್ತು ಜೊತೆ ಎತ್ತುಗಳು ಹತ್ತು ಹೊಲಗಳನ್ನು ಉಳುತ್ತಿವೆ. ಜಾಡ್ಯ ಬಂದು ಆರು ಜೊತೆ ಸತ್ತವು. ಉಳಿದ ನಾಲ್ಕು ಜೊತೆ ತಮ್ಮ ಹೊಲದ ಜೊತೆಗೆ ಬೀಳುಬಿದ್ದ ಹೊಲಗಳನ್ನೂ ಉಳಲು ತೊಡಗಿದವು. ಲಕ್ವ ಹೊಡೆದ ಮಗುವಿನ ಕಾಲಿಗೆ ಕೆಲವು ತಿಂಗಳಲ್ಲಿ ಸ್ವಲ್ಪ ಬಲ ಮರಳುವುದು ಮುಖ್ಯವಾಗಿ ಹೀಗೆ. ಬದುಕುಳಿದ ನರಕೋಶಗಳು ಹೊಸ ಕವಲುಗಳನ್ನು ಚಾಚಿ, ಒಡೆಯನಿಲ್ಲದ ಸ್ನಾಯುತಂತುಗಳನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. ಒಂದು ನರಕೋಶವು ತನ್ನ ಸಹಜ ಪಾಲಿನ ಐದರಿಂದ ಹತ್ತು ಪಟ್ಟು ತಂತುಗಳನ್ನು ನಡೆಸುವುದೂ ಉಂಟು. ಅರ್ಧದಷ್ಟು ನರಕೋಶಗಳು ಸತ್ತಿದ್ದರೂ ಹೊರಗಿನಿಂದ ನೋಡಿದವರಿಗೆ ಸ್ನಾಯು ಬಲವಾಗಿಯೇ ಕಾಣಬಹುದು. ಆದುದರಿಂದಲೇ ನನ್ನ 'ಒಳ್ಳೆಯ' ಬಲಗಾಲೂ ನಿಜಕ್ಕೆ ಒಳ್ಳೆಯದಾಗಿರಲಿಲ್ಲ. ಅಲ್ಲಿಯೂ ಕೆಲವು ಜೊತೆ ಎತ್ತುಗಳು ಸತ್ತಿದ್ದವು, ನನಗೆ ತಿಳಿದಿರಲಿಲ್ಲ ಅಷ್ಟೆ.

ನಾಲ್ಕು ಜೊತೆ ಎತ್ತುಗಳು ಹತ್ತು ಹೊಲಗಳನ್ನು ಎಷ್ಟು ವರ್ಷ ಉತ್ತಾವು? ಮೂವತ್ತು ನಲವತ್ತು ವರ್ಷಗಳ ಅಧಿಕ ದುಡಿಮೆಯಿಂದ ಆ ನರಕೋಶಗಳು ಬಳಲಿ, ತಾವು ಚಾಚಿದ ಕವಲುಗಳನ್ನು ಒಂದೊಂದಾಗಿ ಕೈಬಿಡುತ್ತವೆ ಎಂಬುದು ಇಂದು ಹೆಚ್ಚು ಮಾನ್ಯವಾಗಿರುವ ವಿವರಣೆ. ಇದರ ಜೊತೆಗೆ ಎಲ್ಲರಿಗೂ ಬರುವ ಮುಪ್ಪಿನ ಸವಕಳಿಯೂ ಸೇರುತ್ತದೆ. ಇಲ್ಲಿ ಒಂದು ಭಯವನ್ನು ಮೊದಲೇ ತೆಗೆದುಹಾಕಬೇಕು. ಇದು ಹಳೆಯ ಪೋಲಿಯೊ ಮತ್ತೆ ಮರಳಿದ್ದಲ್ಲ; ಇನ್ನೊಬ್ಬರಿಗೆ ಅಂಟುವಂಥದೂ ಅಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಯಾರೂ ಅಂಜಬೇಕಾಗಿಲ್ಲ. ಬಹುಮಟ್ಟಿಗೆ ಇದು ತೀರ ನಿಧಾನವಾಗಿ ಸಾಗುವ ತೊಂದರೆ.

ಇದನ್ನು ಗುರುತಿಸುವುದಕ್ಕೆ ಯಾವ ಒಂದು ಪರೀಕ್ಷೆಯೂ ಸಾಲದು. ಹಿಂದೆ ಪೋಲಿಯೊದಿಂದ ಲಕ್ವ ಆಗಿರಬೇಕು. ಸ್ವಲ್ಪವಾದರೂ ಚೇತರಿಕೆ ಬಂದಿರಬೇಕು. ಆಮೇಲೆ ಸಾಮಾನ್ಯವಾಗಿ ಹದಿನೈದು ವರ್ಷವಾದರೂ ಸ್ಥಿತಿ ಒಂದೇ ರೀತಿ ಇದ್ದಿರಬೇಕು. ಹೊಸ ಬಲಹೀನತೆ ಅಥವಾ ದಣಿವು ಬಂದು ಒಂದು ವರ್ಷಕ್ಕೂ ಮೇಲ್ಪಟ್ಟು ನಿಂತಿರಬೇಕು. ಅದಕ್ಕೆ ಬೇರೆ ಕಾರಣ ಕಾಣದಿರಬೇಕು. ಈ ಕೊನೆಯ ಅಂಶ ಬಹು ಮುಖ್ಯವಾದುದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ, ಬಿ12 ಮತ್ತು ಡಿ ಜೀವಸತ್ತ್ವಗಳ ಕೊರತೆ, ಬೆನ್ನುಮೂಳೆಯ ನಡುವೆ ನರ ಸಿಕ್ಕಿಕೊಳ್ಳುವುದು, ಮನಸ್ಸಿನ ಖಿನ್ನತೆ ಇವೆಲ್ಲವೂ ಇಂಥದೇ ದಣಿವನ್ನು ತರಬಲ್ಲವು. ಇವುಗಳಲ್ಲಿ ಬಹುಪಾಲಿಗೆ ಒಳ್ಳೆಯ ಚಿಕಿತ್ಸೆಯಿದೆ. ಎಲ್ಲವನ್ನೂ ಪೋಲಿಯೊದ ತಲೆಗೆ ಕಟ್ಟಿ ಸುಮ್ಮನೆ ಕುಳಿತುಕೊಳ್ಳುವುದೂ, ಎಲ್ಲವನ್ನೂ ಮುಪ್ಪೆಂದು ತಳ್ಳಿಹಾಕುವುದೂ ಸಮನಾದ ತಪ್ಪುಗಳು.

ಇನ್ನು ಪರಿಹಾರದ ಮಾತು. ಈ ಬಲಹೀನತೆಯನ್ನು ಹಿಂತಿರುಗಿಸುವ ಔಷಧಿ ಇದುವರೆಗೆ ಸಿಕ್ಕಿಲ್ಲ. ಆದರೆ ಬದುಕುವ ರೀತಿಯನ್ನು ತಿದ್ದಿಕೊಂಡರೆ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಮೊದಲನೆಯದು ಬಲದ ಮಿತವ್ಯಯ. ನಿವೃತ್ತನಾದ ಮೇಲೆ ನನಗೆ ಇದು ಸುಲಭವಾಗಿ ಅರ್ಥವಾಯಿತು. ಪಿಂಚಣಿ ತಿಂಗಳಿಗೆ ಇಷ್ಟೇ ಎಂದು ಗೊತ್ತಾದ ಮೇಲೆ ಅದರೊಳಗೆ ಸಂಸಾರ ನಡೆಸುತ್ತೇವೆ. ಮೈಯ ಬಲವೂ ದಿನಕ್ಕೆ ಇಷ್ಟೇ ಎಂದು ತಿಳಿದು ಖರ್ಚು ಮಾಡಬೇಕು. ಮೀರಿದರೆ ಮರುದಿನವೂ ಅದರ ಮರುದಿನವೂ ಬಡ್ಡಿ ಕಟ್ಟಬೇಕಾಗುತ್ತದೆ. ಕುಳಿತು ಮಾಡಬಹುದಾದ ಕೆಲಸವನ್ನು ನಿಂತು ಮಾಡುವುದಿಲ್ಲ. ಸ್ನಾನಕ್ಕೆ ಬಚ್ಚಲಿನಲ್ಲಿ ಗಟ್ಟಿಯಾದ ಸ್ಟೂಲು ಹಾಕಿಸಿಕೊಂಡಿದ್ದೇನೆ. ಬ್ಯಾಂಕಿನ ಕೆಲಸವನ್ನೂ ತರಕಾರಿ ತರುವುದನ್ನೂ ಒಂದೇ ದಿನ ಇಟ್ಟುಕೊಳ್ಳುವುದಿಲ್ಲ. ದಣಿವು ಬರುವುದಕ್ಕೆ ಮುಂಚೆಯೇ, ಮಧ್ಯಾಹ್ನ ಅರ್ಧ ಗಂಟೆ ಮಲಗುತ್ತೇನೆ. ಬಂದ ಮೇಲೆ ಮಲಗುವುದಕ್ಕೂ ಬರುವ ಮೊದಲೇ ಮಲಗುವುದಕ್ಕೂ ಇರುವ ವ್ಯತ್ಯಾಸವನ್ನು ಅನುಭವಿಸಿದವರೇ ಬಲ್ಲರು.

ಎರಡನೆಯದು ವ್ಯಾಯಾಮ. ವಿಶ್ರಾಂತಿ ಬೇಕೆಂದ ಮಾತ್ರಕ್ಕೆ ಮಂಚ ಹಿಡಿಯಬಾರದು. ಬಳಸದ ಸ್ನಾಯುವೂ ಸೊರಗುತ್ತದೆ. ಹಗುರವಾದ, ನಡುನಡುವೆ ಬಿಡುವುಳ್ಳ, ದಣಿಸದ ವ್ಯಾಯಾಮ ಹಿತಕರ. ಬೆಚ್ಚನೆಯ ನೀರಿನಲ್ಲಿ ಕೈಕಾಲು ಆಡಿಸುವ ಅನುಕೂಲವಿದ್ದರೆ ಇನ್ನೂ ಉತ್ತಮ, ನೀರು ಮೈಯ ಭಾರವನ್ನು ಹೊರುತ್ತದೆ. ಎಷ್ಟು ಮಾಡಬೇಕೆಂಬುದಕ್ಕೆ ನನ್ನ ಫಿಸಿಯೋಥೆರಪಿಯವರು ಸರಳವಾದ ಒರೆಗಲ್ಲೊಂದನ್ನು ಹೇಳಿಕೊಟ್ಟಿದ್ದಾರೆ: ಇಂದು ಮಾಡಿದ ವ್ಯಾಯಾಮದ ನೋವು ಅಥವಾ ದಣಿವು ನಾಳೆ ಬೆಳಿಗ್ಗೆಯೂ ಇದ್ದರೆ, ಅದು ಹೆಚ್ಚಾಯಿತೆಂದೇ ಅರ್ಥ. ನನ್ನ ಮೂರು ಮೈಲಿಯ ನಡಿಗೆ ಈ ಒರೆಗಲ್ಲಿನಲ್ಲಿ ಮೊದಲ ದಿನವೇ ಸೋಲುತ್ತಿತ್ತು. ಯಾವ ಸ್ನಾಯುವಿಗೆ ಎಷ್ಟು ಎಂಬುದನ್ನು ತಿಳಿದವರಿಂದಲೇ ಕೇಳಿ ಮಾಡುವುದು ಒಳ್ಳೆಯದು.

ಮೂರನೆಯದು ಆಸರೆ. ಅಟ್ಟಕ್ಕೆ ಹಾಕಿದ ಕ್ಯಾಲಿಪರನ್ನು ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ತೊಟ್ಟೆ. ಈಗಿನದು ಕಬ್ಬಿಣದ ಹೊರೆಯಲ್ಲ, ಕಾಲಿನ ಅಚ್ಚು ತೆಗೆದು ಮಾಡಿದ ಹಗುರವಾದ ಪ್ಲಾಸ್ಟಿಕ್ಕಿನದು. ತೊಟ್ಟ ಮೊದಲ ವಾರದಲ್ಲಿಯೇ ಬಲಗಾಲಿನ ನೋವು ಇಳಿಯಿತು, ಏಕೆಂದರೆ ಅಷ್ಟು ವರ್ಷ ಎಡಗಾಲಿನ ಕೆಲಸವನ್ನು ಅದೇ ಮಾಡುತ್ತಿತ್ತು. ಊರುಗೋಲನ್ನು ಸೋತ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕೆಂಬ ಸಣ್ಣ ಸಂಗತಿಯೂ ನನಗೆ ತಿಳಿದಿರಲಿಲ್ಲ. ದೂರ ಹೋಗುವಾಗ ಗಾಲಿಕುರ್ಚಿ ಬಳಸುವುದರಿಂದ ಕಾಲು ಉಳಿಯುತ್ತದೆ. ಕಂಕುಳುಗೋಲನ್ನು ಬಹುಕಾಲ ಬಳಸಿದವರ ಭುಜ ಮತ್ತು ಮಣಿಕಟ್ಟುಗಳು ಸವೆಯುತ್ತವೆಯಾದ್ದರಿಂದ ಅವರು ಇದನ್ನು ಇನ್ನೂ ಬೇಗ ಯೋಚಿಸಬೇಕು.

ಮನೆಯಲ್ಲಿ ಮಾಡಬೇಕಾದ ಬದಲಾವಣೆಗಳು ಹೆಚ್ಚು ಹಣದವಲ್ಲ. ಬಚ್ಚಲಿನಲ್ಲಿಯೂ ಶೌಚದಲ್ಲಿಯೂ ಹಿಡಿದುಕೊಳ್ಳಲು ಕಂಬಿ; ಕುಕ್ಕರುಗಾಲಿನಲ್ಲಿ ಕೂರುವ ಬದಲು ಎತ್ತರದ ಆಸನ; ಹೊಸ್ತಿಲ ಬಳಿ ದೀಪ; ನೆಲದ ಮೇಲೆ ಜಾರುವ ಚಾಪೆ ಇಲ್ಲದಿರುವುದು. ಸೋತ ಕಾಲಿನ ಮೂಳೆ ತೆಳುವಾಗಿರುತ್ತದೆ. ಒಂದು ಬೀಳುವಿಕೆಯಿಂದ ಆರು ತಿಂಗಳು ಹಾಸಿಗೆ ಹಿಡಿದರೆ ಹೋದ ಬಲ ಪೂರ್ತಿ ಮರಳುವುದು ಕಷ್ಟ. ಮೈಭಾರ ಹೆಚ್ಚಿದರೆ ಪ್ರತಿ ಹೆಜ್ಜೆಯೂ ಅದನ್ನು ಹೊರಬೇಕು. ಚಳಿಯಲ್ಲಿ ಸ್ನಾಯುವಿನ ಬಲ ಇನ್ನೂ ಕುಗ್ಗುವುದರಿಂದ ಉಣ್ಣೆಯ ಕಾಲುಚೀಲ ಅಲಂಕಾರದ ವಸ್ತುವಲ್ಲ.

ಕೆಲವು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಶೈಶವದಲ್ಲಿ ಉಸಿರಾಟದ ಸ್ನಾಯುಗಳಿಗೆ ಪೋಲಿಯೊ ತಗುಲಿದ್ದವರಿಗೆ, ಬೆನ್ನು ಸೊಟ್ಟಗಿರುವವರಿಗೆ, ನಿದ್ರೆಯಲ್ಲಿ ಉಸಿರಾಟ ಸಾಲದೆ ಹೋಗಬಹುದು. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಪರೀಕ್ಷೆ ಮಾಡಿಸಬೇಕು; ರಾತ್ರಿ ಮುಖವಾಡದ ಮೂಲಕ ಗಾಳಿ ಕೊಡುವ ಯಂತ್ರ ಅಂಥವರಿಗೆ ಬಹಳ ನೆರವಾಗುತ್ತದೆ. ನೀರು ಕುಡಿಯುವಾಗ ಮೇಲಿಂದಮೇಲೆ ನೆತ್ತಿಗೇರಿದರೂ ಹೇಳಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ, ಅದು ಕಣ್ಣಿನದಾಗಲಿ ಹಲ್ಲಿನದಾಗಲಿ, ಪೋಲಿಯೊ ಬಂದಿತ್ತೆಂಬುದನ್ನು ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮತ್ತು ಬರಿಸುವ ಔಷಧಿಗಳೂ ಸ್ನಾಯುಗಳನ್ನು ಸಡಿಲಿಸುವ ಔಷಧಿಗಳೂ ನಮ್ಮಂಥವರ ಮೇಲೆ ಹೆಚ್ಚು ಪರಿಣಾಮ ಮಾಡಬಹುದು.

ಇಷ್ಟೆಲ್ಲವನ್ನೂ ನಾನು ಒಂದು ಸಂಜೆಯಲ್ಲಿ ಓದಿ ತಿಳಿದುಕೊಂಡೆ. ಪಾಲಿಸಲು ಎರಡು ವರ್ಷ ಹಿಡಿಯಿತು. ತಡೆದದ್ದು ನನ್ನ ಮನಸ್ಸೇ. ಕ್ಯಾಲಿಪರ್ ತೊಟ್ಟು ಕಾಲೇಜಿಗೆ ಹೋಗುವ ದಿನ, ಐವತ್ತು ವರ್ಷ ಕಷ್ಟಪಟ್ಟು ಏರಿದ್ದನ್ನೆಲ್ಲ ಇಳಿದುಬಿಟ್ಟೆನೆಂದು ಅನ್ನಿಸಿತು. ಅಂದು ನನ್ನ ಮನೆಯವರು ಹೇಳಿದ ಮಾತು ಇದು: "ಇಷ್ಟು ದಿನ ಕಾಲು ನಿಮ್ಮ ಮಾತು ಕೇಳಿತಲ್ಲ, ಇನ್ನು ಮೇಲೆ ನೀವು ಅದರ ಮಾತು ಕೇಳಿ." ನಾನು ಉತ್ತರ ಹೇಳಲಿಲ್ಲ. ಆ ವಾರ ಕುಳಿತೇ ಪಾಠ ಹೇಳಿದೆ. ವಿದ್ಯಾರ್ಥಿಗಳು ಯಾರೂ ಏನೂ ಅಂದುಕೊಂಡಂತೆ ಕಾಣಲಿಲ್ಲ. ಛಲ ನನ್ನನ್ನು ಬಾಲ್ಯದಲ್ಲಿ ಎಬ್ಬಿಸಿ ನಿಲ್ಲಿಸಿತು. ಅದರ ಋಣ ನನ್ನ ಮೇಲಿದೆ. ಆದರೆ ಅದೇ ಛಲ ಈಗ ಉಳಿದ ನಾಲ್ಕು ಜೊತೆ ಎತ್ತುಗಳಿಗೂ ಬಾರುಕೋಲು ಬೀಸುತ್ತಿತ್ತು.

ನಾನು ಈ ಮಾತನ್ನು ನನ್ನ ವಯಸ್ಸಿನವರಿಗಾಗಿ ಮಾತ್ರ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ದೇಶಾದ್ಯಂತ ಆರಂಭವಾದದ್ದು 1995ರಲ್ಲಿ. ಕಾಡು ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಎಂದರೆ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕಾಲು ಕಳೆದುಕೊಂಡ ಮಕ್ಕಳು ಇಂದು ಮೂವತ್ತು, ನಲವತ್ತು, ಐವತ್ತರ ಪ್ರಾಯದಲ್ಲಿದ್ದಾರೆ. ದರ್ಜಿಯಂಗಡಿಯಲ್ಲಿ, ಟೆಲಿಫೋನ್ ಬೂತು ಮುಚ್ಚಿದ ಮೇಲೆ ತೆರೆದ ಜೆರಾಕ್ಸ್ ಅಂಗಡಿಯಲ್ಲಿ, ಕಚೇರಿಗಳಲ್ಲಿ, ಶಾಲೆಗಳಲ್ಲಿ ಛಲದಿಂದ ದುಡಿಯುತ್ತಿದ್ದಾರೆ. ಅವರ ದಣಿವಿನ ಕಾಲ ಈಗ ಬರುತ್ತಿದೆ. ಇತ್ತ ಪೋಲಿಯೊ ಹೋದುದರಿಂದ, ಹೊಸ ವೈದ್ಯರಲ್ಲಿ ಬಹುಮಂದಿ ಅದನ್ನು ಪುಸ್ತಕದಲ್ಲಿ ಮಾತ್ರ ಕಂಡವರು. ಆದ್ದರಿಂದ ರೋಗಿಯೇ ತನ್ನ ಹಳೆಯ ಕಥೆಯನ್ನು ಬಾಯಿಬಿಟ್ಟು ಹೇಳಬೇಕು: ಯಾವ ವಯಸ್ಸಿನಲ್ಲಿ ಬಂತು, ಎಷ್ಟು ಗುಣವಾಯಿತು, ಎಷ್ಟು ವರ್ಷ ಹಾಗೆಯೇ ಇತ್ತು, ಯಾವಾಗ ಬದಲಾಯಿತು. ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ.

ಗದಾಯುದ್ಧದಲ್ಲಿ ಶರಶಯ್ಯೆಯಲ್ಲಿ ಮಲಗಿದ ಭೀಷ್ಮರು ದುರ್ಯೋಧನನಿಗೆ ಸಂಧಿಯ ಮಾತನ್ನು ಹೇಳುತ್ತಾರೆ; ಅವನು ಒಪ್ಪುವುದಿಲ್ಲ. ತರಗತಿಯಲ್ಲಿ ಆ ಭಾಗವನ್ನು ನಾನು ಬೇಗ ಮುಗಿಸಿ, ಅವನ ಛಲದ ಮಾತುಗಳಿಗೆ ಹೋಗುತ್ತಿದ್ದೆ. ಈಗ ಮನೆಯಲ್ಲಿ, ಮಧ್ಯಾಹ್ನದ ವಿಶ್ರಾಂತಿ ಮುಗಿಸಿ, ಕಾಲಿಗೆ ಶಾಲು ಹೊದ್ದು ಪುಸ್ತಕ ತೆರೆದಾಗ, ಭೀಷ್ಮರ ಮಾತನ್ನು ನಿಧಾನವಾಗಿ ಓದುತ್ತೇನೆ.

(ಬಾನುಲಿ ಭಾಷಣ)